ವೋಟಿಗೆ ಮನೆಗೆ ಬಂದವರು ಪಿಂಚಣಿಗೆ ಯಾಕೆ ಬರಲ್ಲ?

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ದೊಡ್ಡಮ್ಮ ಮನೆಯಲ್ಲೇ ಕೂತು ವೋಟು ಹಾಕಿದರು. ಆಗ ಅವರಿಗೆ 82. ತಿಪಟೂರು ತಾಲ್ಲೂಕಿನ ಸಣ್ಣ ಊರು, ಊರಿಂದ ಸ್ವಲ್ಪ ಆಚೆಗೆ ತೋಟದ ಪಕ್ಕ ಹೆಂಚಿನ ಮನೆ. ಆ ಮನೆಗೆ ಜೀಪು ಬಂತು. ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೋ ಮಾಡೋಕೆ ಒಬ್ಬ ಹುಡುಗ. ನಡುಮನೆಯಲ್ಲಿ ರಟ್ಟು ಮರೆ ಇಟ್ಟು, ದೊಡ್ಡಮ್ಮನ ಕೈಗೆ ಮತಪತ್ರ ಕೊಟ್ಟು, ಎಲ್ಲರೂ ಹೊರಗೆ ನಿಂತರಂತೆ. ಕೆಲಸ ಮುಗಿದ ಮೇಲೆ ದೊಡ್ಡಮ್ಮ ಟೀ ಇಡಲು ಹೋದರೆ "ಬೇಡಮ್ಮ, ನಾವು ಏನೂ ಕುಡಿಯೋ ಹಾಗಿಲ್ಲ" ಅಂದರಂತೆ. ಮನೆ ಬಾಗಿಲಿಗೆ ಬಂದವರು ಬಾಯಿಗೆ ನೀರೂ ಹಾಕದೆ ಹೋದರು ಅಂತ ದೊಡ್ಡಮ್ಮ ಎಷ್ಟೋ ದಿನ ಕೊರಗಿದರು. ಯಾರಿಗೆ ವೋಟು ಹಾಕಿದ್ದು ಅಂತ ಮಾತ್ರ ಇವತ್ತಿಗೂ ಹೇಳಿಲ್ಲ.

ಅದೇ ವರ್ಷ ದೀಪಾವಳಿ ಹೊತ್ತಿಗೆ ಅವರ ಪಿಂಚಣಿ ನಿಂತಿತು.

ಸಂಧ್ಯಾ ಸುರಕ್ಷಾ, ಬಡ ವೃದ್ಧರಿಗೆ ರಾಜ್ಯ ಸರ್ಕಾರ ಕೊಡೋ ಪಿಂಚಣಿ, ತಿಂಗಳಿಗೆ 1200 ರೂಪಾಯಿ. ದೊಡ್ಡಪ್ಪ ತೀರಿಕೊಂಡು ಹದಿನೆಂಟು ವರ್ಷ ಆಯಿತು. ಜಮೀನು ಇಲ್ಲ. ಮಗ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ, ಅವನ ಮನೆ ಬಾಡಿಗೆ, ಮಕ್ಕಳ ಫೀಸು ಕಳೆದರೆ ಊರಿಗೆ ಕಳಿಸೋಕೆ ಉಳಿಯೋದು ಅಷ್ಟಕ್ಕಷ್ಟೇ. ದೊಡ್ಡಮ್ಮನ ಬಿಪಿ ಮಾತ್ರೆ, ಎಲೆಅಡಿಕೆ, ಸೋಪು ಎಲ್ಲ ಆ 1200ರಲ್ಲೇ. ಯಾಕೆ ನಿಂತಿತು ಅಂತ ಕೇಳಿದರೆ, ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಬ್ಯಾಂಕಿಗೆ ಹೋಗಿ ಅಂದರು. ಆಟೋ ಮಾಡಿಕೊಂಡು ಬ್ಯಾಂಕಿಗೆ ಕರೆದುಕೊಂಡು ಹೋದೆವು. ಅಲ್ಲಿ ಹೆಬ್ಬೆಟ್ಟು ತಗೊಳ್ತಿಲ್ಲ, ಆಧಾರ್ ಅಪ್‌ಡೇಟ್ ಮಾಡಿಸಿ ಅಂದರು. ಆಧಾರ್ ಸೆಂಟರಿನಲ್ಲಿ ಸರ್ವರ್ ಇಲ್ಲ. ಇನ್ನೊಂದು ದಿನ ಹೋದರೆ ಸರ್ವರ್ ಇದೆ, ಬೆರಳು ಇಲ್ಲ! ನಲವತ್ತು ವರ್ಷ ತೆಂಗಿನ ನಾರು ಬಿಡಿಸಿ ಹಗ್ಗ ಹೊಸೆದ ಕೈ. "ದುಡಿದ ಕೈಯಪ್ಪ, ಗೆರೆ ಎಲ್ಲಿ ಉಳಿತಾವೆ" ಅಂದರು ದೊಡ್ಡಮ್ಮ, ಆ ಮಿಷನ್ನಿಗೇ ಸಮಾಧಾನ ಹೇಳೋ ಥರ. ಕಣ್ಣು ತೋರಿಸಿ ಅಂದರೆ ಕಣ್ಣಲ್ಲಿ ಪೊರೆ.

ಕೊನೆಗೆ ನಾಲ್ಕನೇ ಸಲ ಎಡಗೈ ಕಿರುಬೆರಳು ಹಿಡಿಯಿತು. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಆಟೋಗೆ ಪ್ರತಿ ಸಲ 400 ರೂಪಾಯಿ. ಒಂದು ತಿಂಗಳ ಪಿಂಚಣಿಗಿಂತ ಜಾಸ್ತಿ ಆಟೋದವನಿಗೇ ಹೋಯಿತು. ಯಾರನ್ನೂ ಬೈಯೋ ಹಾಗಿಲ್ಲ, ಅದೇ ತೊಂದರೆ. ಬ್ಯಾಂಕಿನ ಹುಡುಗಿ ಎದ್ದು ಬಂದು ಕುರ್ಚಿ ಕೊಟ್ಟಳು. ಆಧಾರ್ ಸೆಂಟರಿನವನು ಬೆರಳಿಗೆ ವ್ಯಾಸಲೀನ್ ಹಚ್ಚಿ ನೋಡಿದ. ಎಲ್ಲರೂ ಒಳ್ಳೆಯವರೇ. ಆದರೆ ಇಡೀ ಏರ್ಪಾಟು ಒಂದೇ ಲೆಕ್ಕದ ಮೇಲೆ ನಿಂತಿದೆ: ಮುದುಕಿ ನಡೆದು ಬರ್ತಾಳೆ.

ವಯಸ್ಸಾದವರಿಗೆ ಸರ್ಕಾರ ಏನು ಮಾಡಬೇಕು ಅನ್ನೋ ಮಾತು ಬಂದಾಗೆಲ್ಲ ನನಗೆ ಆ ಜೀಪು ನೆನಪಾಗುತ್ತದೆ. ಆ ಚುನಾವಣೆಯ ಮತದಾರರ ಪಟ್ಟಿಯಲ್ಲಿ 80 ದಾಟಿದವರು 12 ಲಕ್ಷಕ್ಕೂ ಹೆಚ್ಚಿದ್ದರು. ಅಂದರೆ ಯಾವ ಊರು, ಯಾವ ಮನೆ, ಎಷ್ಟು ವಯಸ್ಸು ಎಲ್ಲ ಸರ್ಕಾರದ ಹತ್ತಿರ ಇದೆ. 12ಡಿ ಅನ್ನೋ ಒಂದು ಫಾರಂ ತುಂಬಿದರೆ ಸಾಕು, ಮನೆ ಹುಡುಕಿಕೊಂಡು ಬರೋದು ಸರ್ಕಾರಕ್ಕೆ ಬರುತ್ತದೆ. ಹಾಗಾದರೆ ಪಿಂಚಣಿಗೆ ಯಾಕೆ ಬರಲ್ಲ?

ಪ್ರಯತ್ನವೇ ಆಗಿಲ್ಲ ಅನ್ನಲ್ಲ. 2022ರಲ್ಲಿ 'ಹಲೋ ಕಂದಾಯ ಸಚಿವರೇ' ಅಂತ 155245 ನಂಬರ್ ಕೊಟ್ಟಿದ್ದರು. ಫೋನ್ ಮಾಡಿದರೆ 72 ಗಂಟೆಯೊಳಗೆ ಪಿಂಚಣಿ ಮಂಜೂರು ಅಂತ. ನನಗೆ ಇಷ್ಟವಾದ ಯೋಜನೆ. ಆದರೆ ಅದು ಪಿಂಚಣಿ ಶುರು ಮಾಡೋ ಕೆಲಸ. ಶುರುವಾದದ್ದು ಕೆಟ್ಟು ನಿಂತಾಗ ನೋಡೋರು ಯಾರು? ಮೊದಲು ಪೋಸ್ಟ್‌ಮ್ಯಾನ್ ಮನಿ ಆರ್ಡರ್ ತರುತ್ತಿದ್ದ. ಹತ್ತೋ ಇಪ್ಪತ್ತೋ ಕಾಫಿಗೆ ಅಂತ ಇಟ್ಟುಕೊಳ್ಳುತ್ತಿದ್ದ, ನಿಜ. ಅದನ್ನು ತಪ್ಪಿಸೋಕೆ ನೇರ ಖಾತೆಗೆ ಹಾಕಿದರು. ಸರಿಯಾದದ್ದೇ. ಆದರೆ ಅವನು ತಿಂಗಳಿಗೊಂದು ಸಲ ಬಾಗಿಲಲ್ಲಿ ನಿಂತು "ಏನಜ್ಜಿ, ಹುಷಾರಾ?" ಅಂತ ಕೇಳುತ್ತಿದ್ದನಲ್ಲ, ಅದೂ ಅದರ ಜೊತೆಗೇ ಹೋಯಿತು. ಆ ಇಪ್ಪತ್ತು ರೂಪಾಯಿಗೆ ಅದೇನು ಕಮ್ಮಿ ಸೇವೆ ಅಲ್ಲ ಅಂತ ಈಗ ಅನ್ನಿಸುತ್ತದೆ.

ದುಡ್ಡಿನ ವಿಷಯ ಬೇಗ ಹೇಳಿಬಿಡ್ತೀನಿ. 1200 ಸಾಲದು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಪಿಂಚಣಿ, ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, 80 ದಾಟಿದರೆ 500. ಆ 200 ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ 200ರಲ್ಲೇ ಇದೆ. ದೊಡ್ಡಮ್ಮನಿಗೆ ಈಗ ಗೃಹಲಕ್ಷ್ಮಿಯ 2000 ಬರುತ್ತದೆ, ಪಿಂಚಣಿಗಿಂತ ಅದೇ ದೊಡ್ಡದು. ಶಕ್ತಿ ಯೋಜನೆಯಲ್ಲಿ ಬಸ್ಸೂ ಫ್ರೀ. ಆದರೆ ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ.

ಇದನ್ನೆಲ್ಲ ಹೇಳಿದರೆ ನನ್ನ ಸ್ನೇಹಿತರು ಕೇಳೋದು ಒಂದೇ: ಅವರ ಮಗ ಇಲ್ವಾ? ಇದ್ದಾನೆ. ಒಳ್ಳೆಯವನೇ. 2007ರ ಪಾಲಕರ ಪೋಷಣೆ ಕಾಯ್ದೆ ಬಗ್ಗೆ ನನಗೂ ಗೊತ್ತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು, ವಕೀಲರೂ ಬೇಕಿಲ್ಲ. ತಿಂಗಳಿಗೆ 10 ಸಾವಿರದವರೆಗೆ ಜೀವನಾಂಶ ಕೊಡಿಸಬಹುದು. ಆಸ್ತಿ ಬರೆಸಿಕೊಂಡು ಕೈಬಿಟ್ಟವರ ದಾನಪತ್ರ ರದ್ದು ಮಾಡಿಸೋಕೂ ದಾರಿ ಇದೆ. ಬೇಕಾದ ಕಾಯ್ದೆ. ಆದರೆ ಅದು ಕೆಟ್ಟ ಮಕ್ಕಳಿಗಾಗಿ ಬರೆದದ್ದು. ಒಳ್ಳೆಯ ಮಗ, 130 ಕಿಲೋಮೀಟರ್ ಆಚೆ ಶಿಫ್ಟ್ ಡ್ಯೂಟಿಯಲ್ಲಿ ಇರೋನಿಗೆ ಆ ಕಾಯ್ದೆಯಲ್ಲಿ ಏನೂ ಇಲ್ಲ. ಬಿಪಿ ಏರಿದರೆ ನೋಡೋರು ಯಾರು, ಬಚ್ಚಲಲ್ಲಿ ಜಾರಿಬಿದ್ದರೆ ಎತ್ತೋರು ಯಾರು ಅಂತ ಅವನು ರಾತ್ರಿ ಪಾಳಿಯಲ್ಲಿ ಯೋಚನೆ ಮಾಡ್ತಾ ಇರ್ತಾನೆ. ಅಷ್ಟೇ.

ಅದೇ ಕಾಯ್ದೆಯಲ್ಲಿ ಜಿಲ್ಲೆಗೊಂದು ವೃದ್ಧಾಶ್ರಮದ ಮಾತಿದೆ, ಕಡಿಮೆ ಅಂದರೂ 150 ಜನರಿಗೆ. ಯಾರೂ ಇಲ್ಲದವರಿಗೆ ಅದು ಬೇಕೇ ಬೇಕು. ಆದರೆ ದೊಡ್ಡಮ್ಮನನ್ನು ತುಮಕೂರಿಗೆ ಒಯ್ದು ಕೂರಿಸಿದರೆ ಹದಿನೈದು ದಿನ ಬದುಕಲ್ಲ. ಅವರ ಹಸು, ಅವರ ಜಗಲಿ, ಎದುರು ಮನೆಯವಳ ಜೊತೆ ಜಗಳ ಎಲ್ಲ ಇರೋದು ಅಲ್ಲೇ.

ನನಗೆ ಕಾಣೋ ಉತ್ತರ ನಮ್ಮ ಕಣ್ಣೆದುರೇ ಇದೆ, ಅಂಗನವಾಡಿ. 1975ರಲ್ಲಿ ದೇಶದಲ್ಲಿ ಆ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಆಗ ಊರ ತುಂಬ ಮಕ್ಕಳು. ಊರಿಗೊಬ್ಬ ಹೆಣ್ಣುಮಗಳು, ಕೈಯಲ್ಲಿ ಒಂದು ರಿಜಿಸ್ಟರ್, ಯಾವ ಮನೆಯಲ್ಲಿ ಯಾವ ಮಗು ಎಷ್ಟು ತೂಕ ಅಂತ ಅವಳಿಗೆ ಬಾಯಿಪಾಠ. ಈಗ ಆ ಊರುಗಳಲ್ಲಿ ಮಕ್ಕಳು ಎಲ್ಲಿದ್ದಾರೆ? 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. 2011ರ ಜನಗಣತಿಯಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತೂವರೆ. ಆಮೇಲೆ 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲ, ಆದರೆ ನಮ್ಮೂರಿನ ಲೆಕ್ಕಕ್ಕೆ ಜನಗಣತಿ ಬೇಡ. ಸ್ಕೂಲಿನಲ್ಲಿ ಹನ್ನೊಂದು ಮಕ್ಕಳು. ಜಗಲಿಗಳ ಮೇಲೆ ಕೂತಿರೋರನ್ನು ಎಣಿಸಿದರೆ ಮೂವತ್ತು ದಾಟುತ್ತದೆ. ಆ ಮೂವತ್ತು ಜನರ ರಿಜಿಸ್ಟರ್ ಯಾರ ಕೈಯಲ್ಲೂ ಇಲ್ಲ.

ಆಶಾ ಕಾರ್ಯಕರ್ತೆ ಇದ್ದಾರಲ್ಲ ಅನ್ನಬಹುದು. ಗೃಹ ಆರೋಗ್ಯ ಅಂತ ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡೋ ಯೋಜನೆಯೂ 2024ರಲ್ಲಿ ಕೋಲಾರದಿಂದ ಶುರುವಾಯಿತು. ಆದರೆ ಹೊಸ ಯೋಜನೆ ಬಂದಾಗೆಲ್ಲ ಭಾರ ಬೀಳೋದು ಅದೇ ಹೆಣ್ಣುಮಕ್ಕಳ ತಲೆ ಮೇಲೆ. ಬಾಣಂತಿ, ಲಸಿಕೆ, ಸರ್ವೆ, ಆಮೇಲೆ ಮುದುಕರು. ಗೌರವಧನ ಹೆಚ್ಚಿಸಿ ಅಂತ ಅವರೇ 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು. ಅವರ ಮೇಲೆ ಇನ್ನೊಂದು ರಿಜಿಸ್ಟರ್ ಹೇರೋದು ಯೋಜನೆ ಅಲ್ಲ, ಸುಮ್ನೆ ಜಾರಿಕೊಳ್ಳೋ ದಾರಿ.

ಪಕ್ಕದ ಕೇರಳ 2008ರಲ್ಲೇ ಪ್ಯಾಲಿಯೇಟಿವ್ ಕೇರ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡೋ ಆರೈಕೆಯ ನೀತಿ ತಂದಿತು. ಅಲ್ಲಿ ಪಂಚಾಯಿತಿಯ ದುಡ್ಡಿನಲ್ಲಿ ಒಬ್ಬ ನರ್ಸ್, ಒಂದು ಗಾಡಿ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಹುಣ್ಣು ತೊಳೆದು, ಪೈಪ್ ಬದಲಾಯಿಸಿ, ಮಾತ್ರೆ ಕೊಟ್ಟು ಬರ್ತಾರೆ. ದೊಡ್ಡ ಆಸ್ಪತ್ರೆ ಕಟ್ಟಿದ ಕಥೆ ಅಲ್ಲ ಇದು. ಮನೆಗೆ ಹೋಗೋ ಒಬ್ಬರಿಗೆ ಸಂಬಳ ಕೊಟ್ಟ ಕಥೆ.

ನಾನೊಂದು ಲೆಕ್ಕ ಹಾಕಿದೆ, ಕ್ಯಾಲ್ಕುಲೇಟರ್ ಸಮೇತ. ನಮ್ಮಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿ. ಪ್ರತಿ ಪಂಚಾಯಿತಿಗೆ ಇಬ್ಬರು, ತಿಂಗಳಿಗೆ 15 ಸಾವಿರ ಸಂಬಳ. ವರ್ಷಕ್ಕೆ 216 ಕೋಟಿ. 2025-26ರ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೆ ಇಟ್ಟದ್ದು 51 ಸಾವಿರ ಕೋಟಿಗೂ ಹೆಚ್ಚು. ಗ್ಯಾರಂಟಿ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ, ಕಾಮೆಂಟಿನಲ್ಲಿ ಜಗಳಕ್ಕೆ ಬರಬೇಡಿ. ಆ ದೊಡ್ಡ ಪಾತ್ರೆಯ ಪಕ್ಕ ಇದು ಒಂದು ಸೌಟು ಅಂತಿದ್ದೀನಿ. ಇದರಲ್ಲಿ ಟ್ರೈನಿಂಗು, ಪೆಟ್ರೋಲು ಸೇರಿಲ್ಲ, ಡಬಲ್ ಆಗಲಿ ಬೇಕಾದರೆ. ಆ ಇಬ್ಬರ ಕೈಗೆ ಬಿಪಿ ಮಿಷನ್, ಬೆರಳಚ್ಚಿನ ಮಿಷನ್, ಮುದುಕರ ಪಟ್ಟಿ. ತಿಂಗಳಿಗೊಂದು ಸಲ ಪ್ರತಿ ಮನೆ. ಬೆರಳು ಹಿಡಿಯದಿದ್ದರೆ "ಇವರು ಬದುಕಿದ್ದಾರೆ, ನಾನೇ ನೋಡಿದೆ" ಅಂತ ಬರೆದು ಸಹಿ ಹಾಕೋ ಅಧಿಕಾರವೂ ಅವರಿಗೇ ಇರಲಿ. ಕಣ್ಣಾರೆ ನೋಡಿದ ಮನುಷ್ಯನ ಮಾತಿಗಿಂತ ಸವೆದ ಬೆರಳಿಗೆ ಜಾಸ್ತಿ ಬೆಲೆ ಕೊಡೋದು ಯಾವ ನ್ಯಾಯ?

ಇನ್ನು 2024ರ ಲೋಕಸಭಾ ಚುನಾವಣೆ. ಪಿಂಚಣಿ ಆಗಷ್ಟೇ ಸರಿಹೋಗಿತ್ತು. ಈ ಸಲವೂ ಜೀಪು ಬರುತ್ತದೆ ಅಂತ ದೊಡ್ಡಮ್ಮ ಯುಗಾದಿ ಕಳೆದಾಗಿನಿಂದ ಕಾಯ್ತಾ ಇದ್ದರು. ಬಂದವರಿಗೆ ಎಳನೀರು ಕೊಡಬೇಕು, ಟೀ ಆದರೆ ಬೇಡ ಅಂತಾರೆ, ಎಳನೀರಿಗೆ ಏನಂತಾರೆ ನೋಡೋಣ ಅಂತ. ಆದರೆ ಅಷ್ಟರಲ್ಲಿ ನಿಯಮ ಬದಲಾಗಿತ್ತು. ಮನೆಯಿಂದ ವೋಟು ಹಾಕೋ ವಯಸ್ಸನ್ನು 80ರಿಂದ 85ಕ್ಕೆ ಏರಿಸಿದ್ದರು. ದೊಡ್ಡಮ್ಮನಿಗೆ 83.

ಏಪ್ರಿಲ್ 26ರ ಬೆಳಿಗ್ಗೆ ಪಕ್ಕದ ಮನೆ ಹುಡುಗನ ಬೈಕಿನಲ್ಲಿ ಹಿಂದೆ ಕೂತು, ಅವನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡು ಬೂತಿಗೆ ಹೋಗಿ ಬಂದರು. ಸಂಜೆ ಫೋನ್ ಮಾಡಿದಾಗ ಕೇಳಿದರು:

"ಹೋದ ವರ್ಷಕ್ಕಿಂತ ಈ ವರ್ಷ ನಾನು ಚಿಕ್ಕೋಳಾಗಿದೀನೇನೋ ಮಗ?"