ಸತ್ಯಾಂಶ: 54ನೇ ಮ್ಯಾಸಚೂಸೆಟ್ಸ್ ಪಡೆಯ ಕಥೆ ಒಂದೇ ರಾತ್ರಿಗೆ ಮುಗಿಯಲಿಲ್ಲ

ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ (1861–65) ಬಗ್ಗೆ ಒಂದು ಫಾರ್ವರ್ಡ್ ಓಡಾಡುತ್ತಿದೆ. ಉತ್ತರದ ಸೇನೆಯ ಕಪ್ಪು ಸೈನಿಕರ ಮೊದಲ ಪಡೆ 54ನೇ ಮ್ಯಾಸಚೂಸೆಟ್ಸ್, ದಕ್ಷಿಣದವರ ಕೋಟೆ ಫೋರ್ಟ್ ವ್ಯಾಗ್ನರ್‌ನಲ್ಲಿ ಅದರ ಎಲ್ಲರೂ ಸತ್ತರು ಅಂತ. ಎರಡೂ ತಪ್ಪು.

ಕಾನ್ಸಾಸ್‌ನ ಕಪ್ಪು ಸ್ವಯಂಸೇವಕರು 1862ರ ಅಕ್ಟೋಬರ್‌ನಲ್ಲೇ ಕಾದಾಡಿದ್ದರು. 54ನೇ ಪಡೆ ಕಟ್ಟಿದ್ದು 1863ರಲ್ಲಿ.

ಆ ವರ್ಷ ಜುಲೈ 18ರ ಸಂಜೆ ಸುಮಾರು 600 ಜನ ಕೋಟೆಗೆ ನುಗ್ಗಿದರು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ 270ಕ್ಕೂ ಜಾಸ್ತಿ. ಪಡೆಯ ಮುಖ್ಯಸ್ಥ ಕರ್ನಲ್ ಶಾ ಸತ್ತರು. ಗುಂಡು ತಗುಲಿದರೂ ಪಡೆಯ ಸಾರ್ಜೆಂಟ್ ವಿಲಿಯಂ ಕಾರ್ನಿ ಬಾವುಟ ಬಿಡದೆ ವಾಪಸ್ ತಂದರು. ನಷ್ಟ ದೊಡ್ಡದೇ, ಆದರೆ ಪಡೆ ಉಳಿಯಿತು.

1864ರ ಫೆಬ್ರವರಿಯಲ್ಲಿ ಫ್ಲೋರಿಡಾದ ಒಲಸ್ಟಿಯಲ್ಲಿ ಸೋತು ಹಿಂದಿರುಗುವಾಗ ಗಾಯಾಳುಗಳಿದ್ದ ರೈಲಿನ ಎಂಜಿನ್ ಕೆಟ್ಟಿತು. ದಣಿದಿದ್ದ ಇದೇ ಸೈನಿಕರು ಬೋಗಿಗಳಿಗೆ ಹಗ್ಗ ಕಟ್ಟಿ ಕೈಯಿಂದಲೇ ಎಳೆದರು. ನನಗೆ ಕೋಟೆಯ ದಾಳಿಗಿಂತ ಈ ಹಗ್ಗವೇ ಮನಸ್ಸಲ್ಲಿ ಉಳಿದಿದೆ.

ಸಂಬಳದ ಹೋರಾಟ ಬೇರೆ. ಬಿಳಿಯರಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ. ಸಮಾನ ಸಂಬಳ ಸಿಗುವ ತನಕ, ಸುಮಾರು ಒಂದೂವರೆ ವರ್ಷ, ಒಂದು ಕಾಸೂ ಮುಟ್ಟದೆ ದುಡಿದರು. 1865ರ ಏಪ್ರಿಲ್‌ನಲ್ಲೂ ದಕ್ಷಿಣ ಕೆರೊಲಿನಾದಲ್ಲಿ ಕಾದಾಡುತ್ತಲೇ ಇದ್ದರು.