ಮಸಿ ಹತ್ತಿದ ಬೆರಳು

2024ರ ಏಪ್ರಿಲ್ 26, ಬೆಳಿಗ್ಗೆ ಏಳೂಕಾಲು. ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಮೊದಲ ಬೆರಳು ಬಂತು. ದೊಡ್ಡಪ್ಪನದು. ಉಗುರಿನ ಮೇಲೆ ಮಸಿಯ ಗೆರೆ, ಹಿಂದೆ ಶಾಲೆಯ ಗೇಟು. ಎಂಟು ಗಂಟೆಗೆಲ್ಲ ಹನ್ನೊಂದು ಬೆರಳು. ಹಾಸಿಗೆಯಲ್ಲೇ ಇದ್ದ ನನಗೆ ಅಷ್ಟೂ ನನ್ನ ಕಡೆಗೇ ಚಾಚಿದಂತೆ ಕಂಡು, ಎದ್ದು ಹಲ್ಲುಜ್ಜಿದೆ.

ಈ ಶಾಯಿ ನಮ್ಮ ಮೈಸೂರಿನದು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಇದನ್ನು ಕಳಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬಿಸಿಲಿಗೆ ಕಪ್ಪೇರುತ್ತದೆ. ಒಬ್ಬನೇ ಎರಡು ಸಲ ಓಟು ಹಾಕಿಯಾನು ಎಂಬ ಅನುಮಾನಕ್ಕೆ ಹಚ್ಚುವ ಮಸಿ ಅದು. ನಾವೋ ದೇವಸ್ಥಾನದ ಕುಂಕುಮದಂತೆ ತೋರಿಸಿಕೊಂಡು ತಿರುಗುತ್ತೇವೆ. ಬೆಂಗಳೂರಿನ ಕೆಲವು ಹೋಟೆಲುಗಳಲ್ಲಿ ಅದಕ್ಕೆ ಪುಕ್ಕಟೆ ದೋಸೆಯೂ ಸಿಕ್ಕಿದೆ.

ಬೆರಳಿಗಿಂತ ಮೊದಲು ಬರುವುದು ಫಾರ್ವರ್ಡು. ‘ಪಟ್ಟಿಯಲ್ಲಿ ಹೆಸರಿಲ್ಲವೇ? ಆಧಾರ್ ತೋರಿಸಿ ಚಾಲೆಂಜ್ ಓಟು ಕೇಳಿ. ಟೆಂಡರ್ ಓಟು (ನಮ್ಮ ಹೆಸರಲ್ಲಿ ಬೇರೆ ಯಾರೋ ಮೊದಲೇ ಹಾಕಿದ್ದರೆ ನಮಗೆ ಕೊಡುವ ಓಟು) ಶೇ 14 ದಾಟಿದರೆ ಮರುಮತದಾನ!’ ಆಯೋಗ ಇದು ಸುಳ್ಳೆಂದರೂ ಚುನಾವಣೆ ಬಂದಾಗಲೆಲ್ಲ ಸಂಕ್ರಾಂತಿಯ ಎಳ್ಳುಬೆಲ್ಲದಂತೆ ಮನೆಮನೆಗೆ ಹಂಚಿಕೆಯಾಗುತ್ತದೆ. ಪಕ್ಕದ ಮನೆಯವರು ನಂಬಿ, ಆಧಾರ್ ಹಿಡಿದು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಬರಿಗೈಲಿ ಬಂದರು. ಮೊದಲೇ ಫಾರಂ 6 ತುಂಬಿ ಹೆಸರು ಸೇರಿಸಬೇಕಿತ್ತು. ಫೋನಿನಲ್ಲೇ ತುಂಬಬಹುದಿತ್ತು. ಆ ಫಾರ್ವರ್ಡನ್ನು ನನಗೆ ಕಳಿಸಿದ್ದೂ ಅದೇ ಫೋನಿನಿಂದ.

ಆ ದಿನ ಬೆಂಗಳೂರು ದಕ್ಷಿಣದಲ್ಲಿ ಬಿದ್ದದ್ದು ಶೇ 53ರಷ್ಟು ಓಟು, ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು. ಮಂಡ್ಯದವರಲ್ಲೂ ಫೋನುಂಟು. ಆದರೆ ಅಲ್ಲಿ ಎದುರುಮನೆಯವರು ‘ಓಟ್ ಹಾಕ್ದೇನ್ಲಾ?’ ಎಂದು ಕಟ್ಟೆಯ ಮೇಲಿಂದಲೇ ಕೂಗುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಾಗೆ ಕೇಳುವವರಿಲ್ಲ; ಲಿಫ್ಟಿನಲ್ಲಿ ಸಿಕ್ಕರೂ ಎಲ್ಲರೂ ಮಹಡಿಯ ನಂಬರು ನೋಡುತ್ತಾರೆ. ನನ್ನನ್ನು ಎಬ್ಬಿಸಿದ್ದು ಪ್ರಜಾಪ್ರಭುತ್ವದ ಪ್ರೀತಿಯಲ್ಲ, ದೊಡ್ಡಪ್ಪನ ಭಯ. ಕಟ್ಟೆಯ ಕೆಲಸವನ್ನು ಈಗ ಗುಂಪು ಮಾಡುತ್ತಿದೆ, ಸ್ವಲ್ಪ ಸುಳ್ಳು ಬೆರೆಸಿಕೊಂಡು. ಹಾಗೆ ನೋಡಿದರೆ ಕಟ್ಟೆಯಲ್ಲೇನು ಸುಳ್ಳಿಗೆ ಬರವಿತ್ತೇ?

ಹನ್ನೊಂದಕ್ಕೆ ಚಿಕ್ಕಪ್ಪನ ಬೆರಳೂ ಬಂತು. ಹದಿನಾಲ್ಕು ಮಂದಿ ಕೈಮುಗಿದರು. ಆಮೇಲೆ ಚಿಕ್ಕಮ್ಮ ಬರೆದರು: ‘ಏನ್ರೀ, ಆ ಉಂಗುರ ಹೋದ ದಸರೇಲೇ ಕಳ್ಕೊಂಡ್ರಲ್ಲ?’

ಫೋಟೋ ಮಾಯವಾಯಿತು. ಮಧ್ಯಾಹ್ನ ಮೂರಕ್ಕೆ ಹೊಸ ಬೆರಳು ಬಂತು, ಉಂಗುರವಿಲ್ಲದ್ದು.