ಹಿಂಬಾಗಿಲಲ್ಲಿ ಒಂದು ಸಹಿ

ನಾಟಕ ಮುಗಿದು ಅರ್ಧ ಗಂಟೆಯಾದರೂ ಮನೆಗೆ ಹೋಗದೆ, ಥಿಯೇಟರಿನ ಪಕ್ಕದ ಓಣಿಯಲ್ಲಿ ಬ್ರೋಷರ್ ಹಿಡಿದುಕೊಂಡು ನಿಲ್ಲುವವರ ಪೈಕಿ ನಾನೂ ಒಬ್ಬ. "ತಲೆ ನರೆತರೂ ನಿನ್ನ ಆಟೋಗ್ರಾಫ್ ಹುಚ್ಚು ಬಿಟ್ಟಿಲ್ಲವಲ್ಲೋ" ಅಂತ ಮೊನ್ನೆ ಗೆಳೆಯನೊಬ್ಬ ಕಾಲೆಳೆದ. ಹುಚ್ಚು ಅನ್ನೋದನ್ನ ಒಪ್ಪಿಕೊಂಡೆ. ಆದರೆ ಅಲ್ಲಿ ನಿಂತು ನಿಂತು ನನಗೆ ಕೆಲವು ಅಭಿಪ್ರಾಯಗಳು ಗಟ್ಟಿಯಾಗಿಬಿಟ್ಟಿವೆ. ಅವನ್ನು ಎಲ್ಲಾದರೂ ಇಳಿಸಬೇಕು.

ಮೊದಲು ನನ್ನ ಮಾನ ಹೋದ ಕತೆ. ಒಂದು ನಾಟಕದಲ್ಲಿ ಎಂಬತ್ತರ ಆಸುಪಾಸಿನ ಮುದುಕನ ಪಾತ್ರ. ಎದ್ದು ನಿಲ್ಲೋದಕ್ಕೇ ಎರಡು ನಿಮಿಷ ತೆಗೆದುಕೊಳ್ಳುತ್ತಿದ್ದ, ಆ ಎರಡು ನಿಮಿಷ ಸಭಾಂಗಣದಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಮುಗಿದ ಮೇಲೆ ಓಣಿಯಲ್ಲಿ ಕಾಯುತ್ತಾ ನಿಂತೆ. ಬೆನ್ನಿಗೆ ಬ್ಯಾಗು ಹಾಕಿಕೊಂಡ, ತಲೆ ಒದ್ದೆಯಿದ್ದ ಹುಡುಗನೊಬ್ಬ ಹೊರಗೆ ಬಂದ. ಒಳಗಿನ ಕೆಲಸದವರಿರಬೇಕು ಅಂದುಕೊಂಡು, "ಆ ಅಜ್ಜನ ಪಾತ್ರ ಮಾಡಿದವರು ಬರೋದು ಇನ್ನೂ ತಡವಾಗುತ್ತಾ?" ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, ತುಂಬ ಗಂಭೀರವಾಗಿ, "ಅವರಿಗೆ ಸುಸ್ತು ಸರ್. ವಯಸ್ಸಾಯ್ತಲ್ಲ" ಅಂದರು. ನಾನು ಪಾಪ ಅಂತ ತಲೆಯಾಡಿಸಿದೆ. ಹತ್ತು ಹೆಜ್ಜೆ ದಾಟಿ ಹೋದ ಮೇಲೆ ದೀಪದ ಬೆಳಕಿನಲ್ಲಿ ಅವರ ಕಿವಿಯ ಹಿಂಭಾಗ ಕಾಣಿಸಿತು. ಕಿವಿಯ ಮಡಿಕೆಯಲ್ಲಿ, ತೊಳೆಯುವಾಗ ಕೈ ತಲುಪದ ಜಾಗದಲ್ಲಿ, ಬೂದಿ ಬಣ್ಣ ಒಂದು ಗೆರೆಯಷ್ಟು ಉಳಿದಿತ್ತು.

"ಸರ್!" ಅಂತ ಕೂಗಿದೆ. ಅವರು ತಿರುಗುವಷ್ಟರಲ್ಲಿ ಬೆನ್ನು ಬಾಗಿತ್ತು. ಅದೇ ಮುದುಕ ನಡೆದುಕೊಂಡು ಬಂದ, ನಡುಗುವ ಕೈಯಲ್ಲಿ ನನ್ನ ಪೆನ್ನು ತೆಗೆದುಕೊಂಡು, ಅಷ್ಟುದ್ದ ಹೊತ್ತು ತೆಗೆದುಕೊಂಡು ಸಹಿ ಹಾಕಿದ. ಅಕ್ಷರಗಳೆಲ್ಲ ಅಲ್ಲಾಡಿವೆ. ಆ ಬ್ರೋಷರ್ ಇವತ್ತಿಗೂ ನನ್ನ ಹತ್ತಿರ ಇದೆ. ಅದು ನಟನ ಸಹಿಯೋ ಅಜ್ಜನ ಸಹಿಯೋ ನನಗೆ ತೀರ್ಮಾನವಾಗಿಲ್ಲ.

ನಾನು ಅಲ್ಲಿ ನಿಲ್ಲೋದು ಇದಕ್ಕೇ. ಸಿನಿಮಾ ನಟರು ಕಣ್ಣಿಗೆ ಬಿದ್ದಾಗ ಅವರು ಆ ಪಾತ್ರ ಬಿಟ್ಟು ವರ್ಷವಾಗಿರುತ್ತದೆ, ನಡುವೆ ಇನ್ನೆರಡು ಪಾತ್ರ ಮುಗಿಸಿರುತ್ತಾರೆ. ರಂಗನಟರು ಅರ್ಧ ಗಂಟೆಯ ಹಿಂದೆ ನಮ್ಮ ಕಣ್ಣೆದುರೇ ಸತ್ತಿರುತ್ತಾರೆ. ಸತ್ತವರು ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತಾ ಹೊರಗೆ ಬರೋದನ್ನ ಇನ್ನೆಲ್ಲಿ ನೋಡುತ್ತೀರಿ? ವಿಗ್ಗಿನ ಕೆಳಗೆ ಅದುಮಿಟ್ಟ ಕೂದಲು ತಲೆಗೆ ಅಂಟಿಕೊಂಡಿರುತ್ತದೆ. ಸಂಗೀತ ನಾಟಕವಾದರೆ ಮೈಕನ್ನು ಹಣೆಯ ಮೇಲೆ ಕೂದಲಂಚಿಗೆ ಕೂರಿಸಿ ತಂತಿಗೆ ಟೇಪು ಹಾಕಿರುತ್ತಾರೆ, ಅದರ ಅಂಟು ಕತ್ತಿನ ಹತ್ತಿರ ಇನ್ನೂ ಹೊಳೆಯುತ್ತಿರುತ್ತದೆ. ಪಾತ್ರ ಪೂರ್ತಿ ಇಳಿದಿಲ್ಲ, ಮನುಷ್ಯ ಪೂರ್ತಿ ಬಂದಿಲ್ಲ. ಸಹಿ ಬರೀ ನೆಪ. ಹಾಗಂತ ನೆಪವಿಲ್ಲದೆ ನಿಂತು ದಿಟ್ಟಿಸಿದರೆ ಪೊಲೀಸರನ್ನು ಕರೆಯುತ್ತಾರೆ.

ಈ ನೆಪದಲ್ಲೂ ಸಹಿಯೇ ವಾಸಿ, ಸೆಲ್ಫಿ ಅಲ್ಲ. ಇದು ನನ್ನ ಹಟ ಅಂದುಕೊಳ್ಳಿ ಬೇಕಾದರೆ. ಸಹಿ ಹಾಕುವಾಗ ಇಬ್ಬರ ಕಣ್ಣೂ ಕಾಗದದ ಮೇಲಿರುತ್ತದೆ, ಇಬ್ಬರ ಕೈಗೂ ಕೆಲಸ ಇರುತ್ತದೆ. ಅಪರಿಚಿತರಿಬ್ಬರು ಮುಜುಗರವಿಲ್ಲದೆ ಹತ್ತಿರ ನಿಲ್ಲೋದಕ್ಕೆ ಅಷ್ಟು ಸಾಕು. ಆ ಮೂರು ನಾಲ್ಕು ಸೆಕೆಂಡಿನಲ್ಲಿ ಒಂದು ಮಾತು ಆಡಬಹುದು, ಆಡದೆಯೂ ಇರಬಹುದು. ಸೆಲ್ಫಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟಂತೆ ನಿಂತು ಫೋನಿನ ಕಡೆ ಹಲ್ಲು ಕಿರಿಯುತ್ತೇವೆ. ಎರಡೂವರೆ ಗಂಟೆ ಅತ್ತು ಕರೆದು ಬಂದ ಮನುಷ್ಯನಿಗೆ ಇನ್ನೊಂದು ಮುಖಭಾವ ಮಾಡಿ ಅಂತ ಹೇಳಿದ ಹಾಗೆ. ಅವರು ಮಾಡುತ್ತಾರೆ, ಅದು ಬೇರೆ ವಿಷಯ.

ಪೆನ್ನಿನ ಬಗ್ಗೆಯೂ ಹೇಳಿಬಿಡುತ್ತೇನೆ, ಇದರಲ್ಲಿ ನಾನು ಪೆಟ್ಟು ತಿಂದವನು. ಬ್ರೋಷರಿನ ಹೊದಿಕೆ ನುಣುಪು ಕಾಗದ. ಬಾಲ್ ಪೆನ್ನು ಜಾರುತ್ತದೆ, ಇಂಕ್ ಪೆನ್ನಿನ ಶಾಯಿ ಒಣಗದೆ ಪಕ್ಕದ ಪುಟಕ್ಕೆ ಅಂಟುತ್ತದೆ. ನನ್ನ ಮೊದಲ ಸಹಿ ಹೀಗೇ ಅಳಿಸಿ ನೀಲಿ ಮೋಡವಾಗಿದೆ. ಬೇಕಾದದ್ದು ಅಳಿಸದ ಶಾಯಿಯ ಮಾರ್ಕರ್. ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರುಗಳ ಹಿಂದೆ ಕಾಯುವವರ ಕೈಯಲ್ಲಿ 1964ರಲ್ಲಿ ಮಾರುಕಟ್ಟೆಗೆ ಬಂದ 'ಶಾರ್ಪಿ' ಮಾರ್ಕರ್ ಇಲ್ಲದಿದ್ದರೆ ಅವರು ಹೊಸಬರು ಅಂತಲೇ ಲೆಕ್ಕ. ಅಲ್ಲಿ ಪ್ರೇಕ್ಷಕರಿಗೆ 'ಪ್ಲೇಬಿಲ್' ಅನ್ನುವ ಪುಸ್ತಿಕೆಯನ್ನು ಪುಕ್ಕಟೆ ಕೊಡುತ್ತಾರೆ. 1884ರಿಂದ ಬಂದದ್ದು ಅದು. ಸಹಿ ಬೀಳೋದು ಅದರ ಮೇಲೆಯೇ. ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ ಪುಸ್ತಿಕೆಯನ್ನು ಕೊಂಡುಕೊಳ್ಳಬೇಕು, ಆದ್ದರಿಂದ ಅಲ್ಲಿ ಟಿಕೆಟ್ಟಿನ ಹಿಂಬದಿ ಚಾಚುವವರೂ ಇದ್ದಾರೆ. ಮುಚ್ಚಳ ಮೊದಲೇ ತೆಗೆದಿಟ್ಟುಕೊಳ್ಳಿ. ನಿಮ್ಮ ಸರದಿ ಬಂದಾಗ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆಯುತ್ತಾ ನಿಂತರೆ ಹಿಂದಿನವರು ಶಪಿಸುತ್ತಾರೆ.

ಒಂದು ತಮಾಷೆ ಗೊತ್ತಾ? ನಮಗೆ ಸಿಗೋದು ಅವರ ಆ ದಿನದ ಎರಡನೇ ಸಹಿ. ಬ್ರಾಡ್‌ವೇಯಲ್ಲಿ ಸ್ಟೇಜ್ ಡೋರಿನ, ಅಂದರೆ ನಟರು ಓಡಾಡುವ ಹಿಂಬಾಗಿಲಿನ, ಒಳಗೆ ಹಾಜರಿ ಹಾಳೆ ತೂಗುಹಾಕಿರುತ್ತಾರೆ. ಆಟ ಶುರುವಾಗುವ ಅರ್ಧ ಗಂಟೆ ಮುಂಚೆಯೇ ಪ್ರತಿಯೊಬ್ಬ ನಟ ಬಂದು ಅದರಲ್ಲಿ ಗುರುತು ಹಾಕಬೇಕು. ಎಷ್ಟೇ ದೊಡ್ಡ ಹೆಸರಾದರೂ ಸರಿ. ಹಾಕಿಲ್ಲ ಅಂದರೆ ಸ್ಟೇಜ್ ಮ್ಯಾನೇಜರ್ ಹುಡುಕಾಟ ಶುರು ಮಾಡುತ್ತಾರೆ, ಬದಲಿ ನಟನಿಗೆ ಎದೆ ಡವಡವ ಅನ್ನುತ್ತದೆ. ಮೊದಲ ಸಹಿ ಕರಾರಿನ ಪ್ರಕಾರ ಹಾಕಲೇಬೇಕಾದದ್ದು. ಎರಡನೆಯದು ಅವರ ಮರ್ಜಿ.

ಜನ ಮರೆಯೋದು ಈ ಮರ್ಜಿಯನ್ನೇ. ಟಿಕೆಟ್ಟಿನ ದುಡ್ಡು ವೇದಿಕೆಯ ಮೇಲಿನ ಹೊತ್ತಿಗೆ ಮಾತ್ರ. "ಇಷ್ಟು ದೂರದಿಂದ ಬಂದಿದ್ದೀವಿ, ಒಂದು ಸಹಿ ಹಾಕೋಕೆ ಏನು ಧಾಡಿ" ಅಂತ ಗೊಣಗಿದವರನ್ನು ಕಿವಿಯಾರೆ ಕೇಳಿದ್ದೇನೆ. ಬ್ರಾಡ್‌ವೇಯಲ್ಲಿ ಸಾಮಾನ್ಯವಾಗಿ ವಾರಕ್ಕೆ ಎಂಟು ಆಟ. ಬುಧವಾರ, ಶನಿವಾರ ಅಂದರೆ ಎಷ್ಟೋ ನಾಟಕಗಳಿಗೆ ಮಧ್ಯಾಹ್ನ ಒಂದು, ರಾತ್ರಿ ಒಂದು. ನಡುವೆ ಸಿಗೋದು ಉಂಡು ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟು ಬಿಡುವು. ಮಧ್ಯಾಹ್ನದ ಆಟ ನೋಡಿ ಸಹಿಗೆ ಕಾಯೋದು ಅಂದರೆ ಆ ಬಿಡುವಿಗೇ ಕೈಹಾಕಿದಂತೆ. ಇನ್ನು ಗಂಟಲು. ಹಾಡಿ, ಕೂಗಿ ದಣಿದ ಧ್ವನಿತಂತುಗಳಿಗೆ ಆಟ ಮುಗಿದ ಮೇಲೆ ಬೇಕಾಗಿರೋದು ಮೌನ. ಬೀದಿಯ ಗದ್ದಲದ ನಡುವೆ ನೂರು ಜನಕ್ಕೆ ಥ್ಯಾಂಕ್ಸ್ ಹೇಳೋದು ಇನ್ನೊಂದು ದೃಶ್ಯ ಮಾಡಿದಷ್ಟೇ ಶ್ರಮ. ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡು, ಬರೀ ತಲೆಯಾಡಿಸುತ್ತಾ ಸಹಿ ಹಾಕಿ ಹೋದ ಗಾಯಕಿಯೊಬ್ಬರನ್ನು ನನ್ನ ಪಕ್ಕದವರು "ಏನು ಗತ್ತು ನೋಡಿ" ಅಂದರು. ನಾಳೆಯ ಆಟಕ್ಕೆ ಆ ಧ್ವನಿ ಬೇಡವಾ?

2020ರ ಮಾರ್ಚ್ 12ರಂದು ಕೊರೊನಾದಿಂದ ಬ್ರಾಡ್‌ವೇ ಮುಚ್ಚಿತಲ್ಲ, 2021ರಲ್ಲಿ ಮತ್ತೆ ತೆರೆದಾಗ ಸ್ಟೇಜ್ ಡೋರಿನ ಭೇಟಿಗಳನ್ನು ನಿಲ್ಲಿಸಿದ್ದರು. ಒಬ್ಬ ನಟನಿಗೆ ಸೋಂಕು ತಗುಲಿದರೆ ಇಡೀ ಆಟವೇ ರದ್ದಾಗುವ ಕಾಲ. ಬರಬೇಡಿ ಅಂತ ಹೇಳಿದಾಗ ಜಗಳ ಕಾದವರು ಇದ್ದರು. ನನಗೆ ಮಾತ್ರ ಆಗ ಅರ್ಥವಾದದ್ದು, ಈ ಬಾಗಿಲು ಯಾವತ್ತೂ ನಮ್ಮದಾಗಿರಲಿಲ್ಲ ಅಂತ.

ಹಿಂಬಾಗಿಲಲ್ಲಿ ಕಾಯೋದಕ್ಕೆ ಒಳ್ಳೆಯ ಹೆಸರೇನೂ ಇಲ್ಲ ಬಿಡಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಲಂಡನ್ನಿನ ಗೇಯಟಿ ಥಿಯೇಟರಿನಲ್ಲಿ ಜಾರ್ಜ್ ಎಡ್ವರ್ಡ್ಸ್ ಅನ್ನುವ ಮಾಲೀಕ ಸಂಗೀತ ನಾಟಕಗಳ ಮೆರವಣಿಗೆಯನ್ನೇ ನಡೆಸಿದ. ಅಲ್ಲಿನ ನಟಿಯರಿಗಾಗಿ ಹೂಗುಚ್ಛ ಹಿಡಿದು ಹಿಂಬಾಗಿಲಲ್ಲಿ ಕಾಯುತ್ತಿದ್ದ ಶ್ರೀಮಂತ ಗಂಡಸರಿಗೆ 'ಸ್ಟೇಜ್ ಡೋರ್ ಜಾನಿ' ಅಂತಲೇ ಅಡ್ಡಹೆಸರು ಬಿತ್ತು. ಅವರಿಗೆ ಸಹಿ ಬೇಕಿರಲಿಲ್ಲ ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ. ಆ ಥಿಯೇಟರಿನ ನಟಿ ರೋಸಿ ಬೂಟ್ 1901ರಲ್ಲಿ ಮಾರ್ಕ್ವೆಸ್ ಅನ್ನುವ ದೊಡ್ಡ ಬಿರುದಿನ ಶ್ರೀಮಂತನೊಬ್ಬನನ್ನು ಮದುವೆಯಾದರು. ಮದುವೆಯಾದವರ ಕತೆಗಳು ಉಳಿದವು. ಕಾಟ ತಡೆಯಲಾರದೆ ಇನ್ನೊಂದು ಬಾಗಿಲಿನಿಂದ ಓಡಿಹೋದವರ ಲೆಕ್ಕ ಇಟ್ಟವರಿಲ್ಲ. ಇವತ್ತಿಗೂ ಒಬ್ಬಳೇ ಹೊರಬರುವ ನಟಿಯ ಮನಸ್ಸಿನಲ್ಲಿ ಆ ಲೆಕ್ಕ ಇದ್ದೇ ಇರುತ್ತದೆ. ಅದಕ್ಕೇ ನಾನು ಬಾಗಿಲಿಗೆ ಅಡ್ಡ ನಿಲ್ಲೋದಿಲ್ಲ, ಹಿಂದೆ ಹಿಂದೆ ನಡೆಯೋದಿಲ್ಲ. ಕಾರಿನ ತನಕ ಬೆನ್ನು ಹತ್ತುವವರನ್ನು ಕಂಡರೆ ಮೈ ಉರಿಯುತ್ತದೆ.

ಇದಕ್ಕಿಂತ ನಾಜೂಕಾಗಿ ಉರಿಸುವವರು ವ್ಯಾಪಾರಿಗಳು. ನಾಟಕವನ್ನೇ ನೋಡಿರೋದಿಲ್ಲ, ಆ ನಟನ ಹಳೇ ಸಿನಿಮಾದ ಹತ್ತು ಫೋಟೋ ಫೈಲಿನಲ್ಲಿಟ್ಟುಕೊಂಡು ಕರಾರುವಾಕ್ಕಾಗಿ ಆಟ ಬಿಡುವ ಹೊತ್ತಿಗೆ ಬರುತ್ತಾರೆ. ಮಾರಾಟಕ್ಕೆ. ನಟರೂ ಪಳಗಿದ್ದಾರೆ: "ನಿಮ್ಮ ಹೆಸರೇನು?" ಅಂತ ಕೇಳಿ, "ಇಂಥವರಿಗೆ ಪ್ರೀತಿಯಿಂದ" ಅಂತ ಬರೆದುಬಿಡುತ್ತಾರೆ. ಹೆಸರು ಬಿದ್ದ ಫೋಟೋವನ್ನು ಕೊಳ್ಳೋರು ಕಡಿಮೆ. ನಿಮ್ಮ ಹೆಸರು ಕೇಳಿದರೆ ಹಿಗ್ಗಬೇಡಿ, ನೀವು ದಲ್ಲಾಳಿಯೋ ಅಲ್ಲವೋ ಅಂತ ಪರೀಕ್ಷೆ ನಡೆಯುತ್ತಿದ್ದರೂ ಇರಬಹುದು. ನಾನು ಮೊದಲ ಸಲ ಚೆನ್ನಾಗಿ ಹಿಗ್ಗಿದ್ದೆ.

ಹಾಗಾದರೆ ಕಾಯೋದರಲ್ಲಿ ಮರ್ಯಾದೆಯೇ ಇಲ್ಲವಾ? ಇದೆ. ಜಪಾನಿನ ತಕರಜುಕಾ ನಾಟಕ ಕಂಪನಿಯಲ್ಲಿ ಹೆಂಗಸರೇ ಎಲ್ಲ ಪಾತ್ರ ಮಾಡೋದು, 1914ರಿಂದ ಆಟ ನಡೆಸುತ್ತಿದ್ದಾರೆ. ಅಲ್ಲಿ ನಟಿ ಹೊರಬರುವಾಗ ಕಾಯೋದಕ್ಕೆ 'ದೆಮಾಚಿ' ಅಂತ ಹೆಸರೇ ಇದೆ. ಕೊರೊನಾಕ್ಕೆ ಮುಂಚೆ ಅಭಿಮಾನಿ ಬಳಗದವರು ಸಾಲಾಗಿ ನಿಲ್ಲುತ್ತಿದ್ದರು. ನಟಿ ಹತ್ತಿರ ಬಂದಾಗ ಮುಂದಿನವರು ಮಂಡಿಯೂರಿ ಕೂತುಬಿಡುತ್ತಿದ್ದರು, ಹಿಂದಿನವರಿಗೂ ಕಾಣಲಿ ಅಂತ. ಪತ್ರಗಳನ್ನು ಕೈಗಿಡುತ್ತಿದ್ದರು. ನೂಕಾಟವಿರಲಿಲ್ಲ, ಕಿರುಚಾಟವಿರಲಿಲ್ಲ. ನನಗೆ ಅಷ್ಟು ಶಿಸ್ತು ಒಗ್ಗೋದಿಲ್ಲ, ನಿಜ. ಆದರೆ ಆ ಕೂತುಬಿಡೋದಿದೆಯಲ್ಲ, ಅದೊಂದನ್ನು ಎಲ್ಲ ಕಡೆಯವರೂ ಕಲಿತರೆ ಎಷ್ಟು ಚೆಂದ.

ಕಾಯುವವರ ಜೊತೆ ನಟರಿಗೂ ಕೆಲಸ ಬೀಳುತ್ತದೆ ಕೆಲವೊಮ್ಮೆ. 2015ರ ಆಗಸ್ಟಿನಲ್ಲಿ ಲಂಡನ್ನಿನ ಬಾರ್ಬಿಕನ್ ಥಿಯೇಟರಿನಲ್ಲಿ ಸಿನಿಮಾ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಹ್ಯಾಮ್ಲೆಟ್ ಆಡುತ್ತಿದ್ದಾಗ ಪ್ರೇಕ್ಷಕರಲ್ಲಿ ಯಾರೋ ವೀಡಿಯೊ ಮಾಡುತ್ತಿದ್ದರು. ಕ್ಯಾಮೆರಾದ ಕೆಂಪು ದೀಪ ವೇದಿಕೆಗೇ ಕಾಣುತ್ತಿತ್ತಂತೆ. ಆತ ಆಟ ಮುಗಿಸಿ ಸ್ಟೇಜ್ ಡೋರಿಗೆ ಬಂದು, ದಯವಿಟ್ಟು ಹೀಗೆ ಮಾಡಬೇಡಿ, ಉಳಿದವರಿಗೂ ತಿಳಿಸಿ ಅಂತ ಅಲ್ಲಿ ಕಾಯುತ್ತಿದ್ದವರನ್ನೇ ಕೇಳಿಕೊಂಡ. ಅದನ್ನು ಅವರು ಫೋನಿನಲ್ಲೇ ವೀಡಿಯೊ ಮಾಡಿ ಜಗತ್ತಿಗೆಲ್ಲ ಹಂಚಿದರು. ವಿಪರ್ಯಾಸ ಅನ್ನಿ. ನನಗೆ ಮಾತ್ರ ಅದು ಸರಿಯಾದ ವಿಳಾಸಕ್ಕೆ ತಲುಪಿದ ಪತ್ರದಂತೆ ಕಂಡಿತು.

ಇನ್ನೊಂದು ನನ್ನ ತಕರಾರು: ಎಲ್ಲರೂ ಕಾಯೋದು ಒಬ್ಬರಿಗೆ. ಆ ಒಬ್ಬರು ಹೊರಟ ತಕ್ಷಣ ಓಣಿ ಖಾಲಿ. ಆಮೇಲೆ ಬರುವವರು ಮುಖ ತಗ್ಗಿಸಿ, ಯಾರನ್ನೂ ನೋಡದ ಹಾಗೆ ಸರಸರ ನಡೆದುಬಿಡುತ್ತಾರೆ, ನಿಂತರೆ ನಮಗೆ ಮುಜುಗರವಾದೀತು ಅನ್ನುವಂತೆ.

ಒಂದು ರಾತ್ರಿ ಹೀಗೇ ಆಯಿತು. ಮುಖ್ಯ ನಟ ಆ ಕಡೆಯ ಬಾಗಿಲಿನಿಂದ ಹೊರಟುಹೋಗಿದ್ದಾರೆ ಅಂತ ಕಾವಲಿನವರು ಹೇಳಿದ್ದೇ ತಡ, ಜನ ಚದುರಿದರು. ನಾನು ಮಾರ್ಕರಿನ ಮುಚ್ಚಳ ಹುಡುಕುತ್ತಾ ಉಳಿದಿದ್ದೆ. ದಾಸಿಯ ಪಾತ್ರ ಮಾಡಿದವರು ಬಂದರು. ಇಡೀ ನಾಟಕದಲ್ಲಿ ಅವರಿಗೆ ಎರಡು ಮಾತು, ಒಂದು ದೀಪ. ಬ್ರೋಷರ್ ಚಾಚಿದೆ. ಹಿಂದೆ ತಿರುಗಿ ನೋಡಿದರು, ಬೇರೆ ಯಾರೂ ಇರಲಿಲ್ಲ.

"ನಾನಾ?"

"ನೀವೇ. ಆ ದೀಪ ತರುವಾಗ ಗಾಳಿಗೆ ಆರದ ಹಾಗೆ ಕೈ ಅಡ್ಡ ಹಿಡಿದಿರಲ್ಲ..."

"ಅದು ಬ್ಯಾಟರಿ ದೀಪ ಸರ್" ಅಂತ ನಕ್ಕರು. "ಕೈ ಹಿಡಿಯೋದು ಡೈರೆಕ್ಟರ್ ಹೇಳಿದ್ದಲ್ಲ, ನಾನೇ ಸೇರಿಸಿಕೊಂಡದ್ದು. ಯಾರಿಗೂ ಕಂಡಿಲ್ಲ ಅಂದುಕೊಂಡಿದ್ದೆ."

ಪುಟ ತಿರುವಿ, ಬೆರಳಿಟ್ಟು ತಮ್ಮ ಹೆಸರು ಹುಡುಕಿ, ಅದರ ಪಕ್ಕದಲ್ಲೇ, ಶಾಲೆಯ ಪುಸ್ತಕದಲ್ಲಿ ಬರೆಯುವ ಹಾಗೆ ದುಂಡಗೆ ಸಹಿ ಹಾಕಿದರು. ನಾನು ತೆಗೆದುಕೊಳ್ಳಲು ಹೋದರೆ, "ಒಂದ್ನಿಮಿಷ ಹಾಗೇ ಹಿಡ್ಕೊಳ್ಳಿ, ಅಮ್ಮನಿಗೆ ಕಳಿಸ್ತೀನಿ" ಅಂತ ಫೋನ್ ತೆಗೆದು ಆ ಪುಟದ ಫೋಟೋ ಹೊಡೆದುಕೊಂಡರು. ನೋಡಿದರೆ ಹೆಸರಿನ ಮೇಲೆ ನನ್ನ ಹೆಬ್ಬೆರಳು ಬಿದ್ದಿತ್ತು. ಬೆರಳು ಸರಿಸಿಕೊಂಡೆ, ಇನ್ನೊಂದು ತೆಗೆದರು.